ಮೊದಲು ಹಡಗು, ಆಮೇಲೆ ದಾರಿ: ತುಮಕೂರಿನಿಂದ ನಾರ್ಡಿಕ್ ದೇಶಗಳಿಗೆ ಕಾರು ಪ್ರವಾಸ

ತುಮಕೂರಿನಲ್ಲಿ ನಾನು ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಶುರು ಮಾಡಿ 18 ವರ್ಷವಾಯಿತು. ಕಳೆದ ಜೂನ್‌ನಲ್ಲಿ ನಾನು, ನಮ್ಮ ಯಜಮಾನರು, 8 ವರ್ಷದ ಮಗ, ನಮ್ಮತ್ತೆ, ನಾಲ್ಕು ಜನ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ದೇಶ ಕಾರಿನಲ್ಲಿ ಸುತ್ತಿ ಬಂದೆವು. ಸ್ಟೇರಿಂಗ್ ಪೂರ್ತಿ ನನ್ನ ಕೈಯಲ್ಲೇ ಇತ್ತು. ಬಂದಾಗಿನಿಂದ ಕ್ಲಾಸಿಗೆ ಬರುವವರು, ಅವರ ಅಪ್ಪ ಅಮ್ಮ, ನೆಂಟರು ಎಲ್ಲರೂ ಕೇಳುವುದು ಒಂದೇ. 'ಮೇಡಂ, ನಾವೂ ಹೋಗಬೇಕು, ಎಲ್ಲಿಂದ ಶುರು ಮಾಡೋದು?'

ಹಡಗಿನಿಂದ ಶುರು ಮಾಡಿ ಎಂದೇ ನಾನು ಹೇಳುವುದು.

ಕಾರನ್ನೇ ಹೊಟ್ಟೆಯೊಳಗೆ ಹಾಕಿಕೊಂಡು ಸಮುದ್ರ ದಾಟುವ ಹಡಗು ಅಲ್ಲಿ ದಿನನಿತ್ಯದ ವಿಷಯ. ಸಿಗಂದೂರಿಗೆ ಹೋಗುವಾಗ ಬಸ್ಸು, ಕಾರು ಎಲ್ಲ ಲಾಂಚ್ ಹತ್ತುತ್ತಿದ್ದವಲ್ವಾ, ಅದೇ ಲೆಕ್ಕ. ಈಗ ಅಲ್ಲಿ ಸೇತುವೆ ಬಂದಿದೆ. ನಾರ್ಡಿಕ್ ದೇಶಗಳಲ್ಲಿ ಸೇತುವೆ ಕಟ್ಟಿದ ಮೇಲೂ ಹಡಗುಗಳು ಓಡುತ್ತಲೇ ಇವೆ. ಹೋಟೆಲ್ ಇವತ್ತಲ್ಲದಿದ್ದರೆ ನಾಳೆ ಸಿಗುತ್ತದೆ. ದಾರಿ ತಪ್ಪಿದರೆ ತಿರುಗಿಸಿಕೊಳ್ಳಬಹುದು. ಆದರೆ ರಾತ್ರಿ ಹಡಗು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಬೇಸಿಗೆಯಲ್ಲಿ ಅದರಲ್ಲಿ ಕಾರಿಗೆ ಜಾಗ, ನಿಮಗೆ ಕ್ಯಾಬಿನ್ ಎರಡೂ ಸಿಗುತ್ತವೆ ಅನ್ನುವ ಗ್ಯಾರಂಟಿ ಇಲ್ಲ. ಹಾಗಾಗಿ ಇಡೀ ಪ್ರವಾಸದಲ್ಲಿ ಅಲುಗಾಡದ ಗೂಟ ಅದೊಂದೇ. ಮೊದಲು ಗೂಟ ಹೊಡೆಯಿರಿ, ಮಿಕ್ಕಿದ್ದನ್ನೆಲ್ಲ ಅದಕ್ಕೆ ಕಟ್ಟಿ.

ಯಾವ ಹಡಗು?

ಊಟದ ಟೇಬಲ್ ಮೇಲೆ ಮ್ಯಾಪ್ ಹರಡಿಕೊಂಡು ನಾವು ಒಂದು ವಾರ ಕೂತೆವು. ಆಯ್ಕೆ ಬಹಳ ಇದೆ. ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ರಾತ್ರಿಯಿಡೀ ಹೋಗುವ ದೊಡ್ಡ ಹಡಗುಗಳಿವೆ. ಮಧ್ಯೆ ಓಲಾಂಡ್ ದ್ವೀಪದ ಮಾರಿಯೆಹಾಮ್ನ್‌ನಲ್ಲಿ ನಿಲ್ಲುತ್ತವೆ. ಆ ದ್ವೀಪಕ್ಕೆ ತೆರಿಗೆ ನಿಯಮ ಬೇರೆ ಇರುವುದರಿಂದ ಹಡಗಿನಲ್ಲಿ ತೆರಿಗೆ ಇಲ್ಲದೆ ಸಾಮಾನು ಮಾರಬಹುದು, ಅದಕ್ಕೇ ಆ ನಿಲುಗಡೆ. ಕೋಪನ್‌ಹೇಗನ್‌ನಿಂದ ಆಸ್ಲೋಗೂ ರಾತ್ರಿ ಹಡಗಿದೆ. ಸ್ವೀಡನ್ನಿನ ಗೊಥೆನ್‌ಬರ್ಗ್‌ನಿಂದ ಡೆನ್ಮಾರ್ಕಿನ ಫ್ರೆಡ್ರಿಕ್ಸ್‌ಹಾವ್ನ್‌ಗೆ ಮೂರೂವರೆ ಗಂಟೆ. ನಾರ್ವೆಯ ದಕ್ಷಿಣ ತುದಿಯ ಕ್ರಿಸ್ಟಿಯಾನ್‌ಸಾಂಡ್‌ನಿಂದ ಡೆನ್ಮಾರ್ಕಿನ ಹಿರ್ಟ್‌ಸಾಲ್ಸ್‌ಗೆ ಮೂರೂ ಕಾಲು ಗಂಟೆ. ನಾರ್ವೆಯ ಬರ್ಗನ್‌ನಿಂದ ಮಧ್ಯಾಹ್ನ ಹೊರಟು, ಸ್ಟವಾಂಗರ್ ಮುಟ್ಟಿ ಅದೇ ಹಿರ್ಟ್‌ಸಾಲ್ಸ್‌ಗೆ ಹೋಗುವ ರಾತ್ರಿ ಹಡಗು ಇನ್ನೊಂದು.

ನಾವು ಬರ್ಗನ್ ಹಡಗನ್ನು ಆರಿಸಿದೆವು. ಕಾರಣ ಹೇಳುತ್ತೇನೆ. ಬಾಡಿಗೆ ಕಾರನ್ನು ಒಂದು ದೇಶದಲ್ಲಿ ತಗೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಕೇಳುವ ಹೆಚ್ಚುವರಿ ದುಡ್ಡು ಕಣ್ಣಲ್ಲಿ ನೀರು ತರಿಸುತ್ತದೆ. ಎಲ್ಲಿ ತಗೊಂಡೆವೋ ಅಲ್ಲೇ ಬಿಡುವ ಹಾಗೆ ಸುತ್ತು ಹಾಕಬೇಕು. ಕೋಪನ್‌ಹೇಗನ್‌ನಿಂದ ಹೊರಟು ಸ್ವೀಡನ್ ದಾಟಿ, ಆಸ್ಲೋ ನೋಡಿ, ಬೆಟ್ಟ ಹತ್ತಿ ಬರ್ಗನ್ ಸೇರುವಷ್ಟರಲ್ಲಿ ನಾರ್ವೆಯ ಪಶ್ಚಿಮದ ಅಂಚಿಗೆ ಬಂದಿರುತ್ತೀರಿ. ಅಲ್ಲಿಂದ ಬಂದ ದಾರಿಯಲ್ಲೇ ವಾಪಸ್ ಹೋದರೆ ಎರಡು ದಿನ ಹೋಯಿತು. ಹಡಗು ಹತ್ತಿದರೆ ನೀವು ಮಲಗಿರುತ್ತೀರಿ, ಕಾರು ಡೆನ್ಮಾರ್ಕ್ ತಲುಪಿರುತ್ತದೆ. ಒಬ್ಬರೇ ಡ್ರೈವರ್ ಇರುವ ಮನೆಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಬುಕ್ ಮಾಡುವಾಗ ಕಾರಿನ ಉದ್ದ, ಎತ್ತರ ಕೇಳುತ್ತಾರೆ. ಮೇಲೆ ಲಗೇಜ್ ಡಬ್ಬ ಇದ್ದರೆ ಎತ್ತರ ಜಾಸ್ತಿಯಾಗಿ ದರವೂ ಏರಬಹುದು. ಬಾಡಿಗೆ ಕಾರಿನ ನಂಬರ್ ಮೊದಲೇ ಗೊತ್ತಿರುವುದಿಲ್ಲ, ಕಾರು ಕೈಗೆ ಬಂದ ಮೇಲೆ ಬುಕಿಂಗ್‌ನಲ್ಲಿ ತಿದ್ದಬಹುದು. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಟಿಕೆಟ್ಟನ್ನೇ ತಗೊಳ್ಳಿ. ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ನಾರ್ವೆ, ಸ್ವೀಡನ್ ಜನ ಜುಲೈನಲ್ಲಿ ವಾರಗಟ್ಟಲೆ ರಜೆ ಹಾಕಿ ಅವರೂ ಹಡಗು ಹತ್ತುತ್ತಾರೆ. ಹಾಗಾಗಿ ನಾವು ಜೂನ್ ಹಿಡಿದೆವು, ಫೆಬ್ರವರಿಯಲ್ಲೇ ಕ್ಯಾಬಿನ್ ಬುಕ್ ಮಾಡಿದೆವು. ಒಂದು ಎಚ್ಚರಿಕೆ. ಜೂನ್ 19ರಿಂದ 25ರ ಒಳಗೆ ಬರುವ ಶುಕ್ರವಾರ ಸ್ವೀಡನ್ನಿನಲ್ಲಿ ಮಿಡ್‌ಸಮರ್ ಹಬ್ಬದ ಹಿಂದಿನ ದಿನ. ನಮ್ಮ ಯುಗಾದಿ ದಿನದ ಹಾಗೆ ಅರ್ಧ ದೇಶ ಬಾಗಿಲು ಹಾಕಿರುತ್ತದೆ.

ದಿನ ಹಂಚುವ ಲೆಕ್ಕ

ಹಡಗಿನ ತಾರೀಖನ್ನು ಹಾಳೆಯ ನಡುವೆ ಬರೆಯಿರಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ನಮ್ಮದು ಹೀಗಿತ್ತು: ಕೋಪನ್‌ಹೇಗನ್ 2 ರಾತ್ರಿ, ಗೊಥೆನ್‌ಬರ್ಗ್ 2, ಆಸ್ಲೋ 2, ನಾರ್ವೆಯ ಬೆಟ್ಟಗಳ ನಡುವಿನ ಔರ್‌ಲಾಂಡ್ 2, ಬರ್ಗನ್ 2, ಹಡಗಿನಲ್ಲಿ 1, ಡೆನ್ಮಾರ್ಕಿನ ಆರ್ಹುಸ್ 1, ಕೊನೆಗೆ ಕೋಪನ್‌ಹೇಗನ್ 1.

ಮೊದಲು ನಾನು ಬರ್ಗನ್‌ಗೆ ಒಂದು ರಾತ್ರಿಯನ್ನೂ ಇಟ್ಟಿರಲಿಲ್ಲ. ಔರ್‌ಲಾಂಡ್‌ನಿಂದ ಬರ್ಗನ್ ಸುಮಾರು 170 ಕಿಲೋಮೀಟರು. ಮ್ಯಾಪ್ ಮೂರು ಗಂಟೆ ತೋರಿಸಿತು. ಬೆಳಗ್ಗೆ ಹೊರಟು ಮಧ್ಯಾಹ್ನದ ಹಡಗು ಹತ್ತಿದರಾಯಿತು ಎಂದುಕೊಂಡೆ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಗೊಥೆನ್‌ಬರ್ಗ್‌ನಲ್ಲಿ ಇಂಜಿನಿಯರ್. ಅವಳಿಗೆ ಪ್ಲ್ಯಾನ್ ಕಳಿಸಿದೆ. ಅವತ್ತು ಸಂಜೆಯೇ ಫೋನ್ ಮಾಡಿ, 'ಮೇಡಂ, ದಯವಿಟ್ಟು ಹೀಗೆ ಮಾಡಬೇಡಿ' ಎಂದಳು. ದಾರಿಯಲ್ಲಿ ಸಿಗುವ ವೊಸ್ ಎಂಬ ಊರಿನಿಂದ ಬರ್ಗನ್ ಕಡೆಗೆ ಹೋಗುವ ಇ-16 ರಸ್ತೆ ಬೆಟ್ಟದ ಅಂಚಿನದು. ಕಲ್ಲು ಬೀಳುತ್ತದೆ, ಸುರಂಗ ರಿಪೇರಿಗೆ ಮುಚ್ಚುತ್ತಾರೆ. ಅವಳ ಮಾತು ಕೇಳಿ ಎರಡು ರಾತ್ರಿ ಸೇರಿಸಿದೆ. ನಾವು ಹೋದ ದಿನವೇ ಒಂದು ಸುರಂಗದ ಬಾಯಲ್ಲಿ ಒಂದೂವರೆ ಗಂಟೆ ನಿಂತೆವು. ಅವತ್ತೇ ಹಡಗು ಇದ್ದಿದ್ದರೆ? ಈಗ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಹಡಗು ಹೊರಡುವ ಊರಿಗೆ ಹಿಂದಿನ ರಾತ್ರಿಯೇ ಹೋಗಿ ಮಲಗಿ. ರಾತ್ರಿ ಹಡಗುಗಳಿಗೆ ಕಾರಿನ ಗೇಟು ಹೊರಡುವ ವೇಳೆಗಿಂತ ಬಹಳ ಮೊದಲೇ ಮುಚ್ಚುತ್ತದೆ. ಟಿಕೆಟ್‌ನಲ್ಲಿ ಬರೆದಿರುವ ಚೆಕ್-ಇನ್ ಸಮಯವೇ ನಿಜವಾದ ಸಮಯ.

ದೂರದ ಲೆಕ್ಕವೂ ಹಾಗೇ. ಆಸ್ಲೋದಿಂದ ಔರ್‌ಲಾಂಡ್ ಹೆಚ್ಚು ಕಡಿಮೆ ತುಮಕೂರಿನಿಂದ ಹುಬ್ಬಳ್ಳಿಯಷ್ಟು. ಹುಬ್ಬಳ್ಳಿಗೆ ಹೈವೇ ಇದೆ, ಅಲ್ಲಿ ಬೆಟ್ಟದ ರಸ್ತೆ. ನಾರ್ವೆಯಲ್ಲಿ ಊರಾಚೆ ಸಾಮಾನ್ಯ ಮಿತಿಯೇ 80, ಊರೊಳಗೆ 50. ಗಂಟೆಗೆ 55-60ರ ಮೇಲೆ ಲೆಕ್ಕ ಇಡಬೇಡಿ. ದಿನಕ್ಕೆ ಐದಾರು ಗಂಟೆಗಿಂತ ಜಾಸ್ತಿ ಓಡಿಸಬೇಡಿ. ಜೂನ್‌ನಲ್ಲಿ ಆಸ್ಲೋದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತೂವರೆ ದಾಟಿದ ಮೇಲೆ. ಕತ್ತಲಾಗದೆ ಇದ್ದರೆ ಸುಸ್ತು ಗೊತ್ತಾಗುವುದಿಲ್ಲ, ಇನ್ನೊಂದು ಸ್ವಲ್ಪ ದೂರ ಹೋಗೋಣ ಅನ್ನಿಸುತ್ತದೆ. ಡ್ರೈವರ್‌ಗೆ ಅದೇ ಅಪಾಯ. ನಾನು ಫೋನಿನಲ್ಲಿ ಸಂಜೆ ಆರಕ್ಕೆ ಅಲಾರಂ ಇಟ್ಟಿದ್ದೆ. ಅದು ಹೊಡೆದುಕೊಂಡರೆ ಕಾರು ನಿಲ್ಲಿಸುವುದೇ.

ಕಾಗದ ಪತ್ರ

ಈ ಮೂರರ ಜೊತೆ ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ಸೇರಿ ಐದೂ ನಾರ್ಡಿಕ್ ದೇಶಗಳು ಷೆಂಗೆನ್ ಎಂಬ ಯುರೋಪಿನ ದೇಶಗಳ ಗುಂಪಿನ ಒಳಗಿವೆ, ಒಂದೇ ವೀಸಾ ಸಾಕು. ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಮಗೆ ನಾರ್ವೆಯಲ್ಲಿ 6 ರಾತ್ರಿ, ಡೆನ್ಮಾರ್ಕ್‌ನಲ್ಲಿ 4, ಸ್ವೀಡನ್‌ನಲ್ಲಿ 2. ಇಳಿದದ್ದು ಕೋಪನ್‌ಹೇಗನ್‌ನಲ್ಲಿ, ಆದರೂ ವೀಸಾ ನಾರ್ವೆಯದು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಹಡಗಿನ ಬುಕಿಂಗ್ ಕಾಗದವನ್ನೂ ಅರ್ಜಿಯ ಜೊತೆ ಇಡಿ. ಯಾವ ದಿನ ಎಲ್ಲಿ ಇರುತ್ತೀರಿ ಅನ್ನುವುದು ಅದರಿಂದ ಸ್ಪಷ್ಟವಾಗುತ್ತದೆ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಮ್ಮ ತುಮಕೂರು ಆರ್‌ಟಿಒದಲ್ಲೇ ಆಗುತ್ತದೆ. ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ, ಫಾರಂ 4ಎ, ಶುಲ್ಕ 1,000 ರೂಪಾಯಿ, ಅವಧಿ 1 ವರ್ಷ. ಮೊದಲು ವೀಸಾ ಪ್ರತಿಯನ್ನೂ ಕೇಳುತ್ತಿದ್ದರು, 2021ರಲ್ಲಿ ಆ ನಿಯಮ ತೆಗೆದರು. ಪರ್ಮಿಟ್ ಒಂದೇ ತೋರಿಸಿದರೆ ನಡೆಯುವುದಿಲ್ಲ. ಮೂಲ ಲೈಸೆನ್ಸ್ ಕಾರ್ಡೂ ಜೇಬಿನಲ್ಲಿರಲಿ.

ಕಾರು

ಆಟೋಮ್ಯಾಟಿಕ್ ತಗೊಳ್ಳಿ. ಇಷ್ಟು ವರ್ಷ ಗೇರ್ ಕಲಿಸಿದವಳೇ ಈ ಮಾತು ಹೇಳುತ್ತಿದ್ದೇನೆ. ಅಲ್ಲಿ ಗೇರು ಬಲಗೈಗೆ ಬರುತ್ತದೆ. ಕಣ್ಣಿಗೆ ಹೊಸದು ಕಲಿಯುವುದು ಬಹಳ ಇರುವಾಗ ಕೈಗೆ ಬೇರೆ ಕೆಲಸ ಯಾಕೆ? ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದರೆ ಸಣ್ಣ ಕಾರು ಸಾಲದು, ಹಿಂದೆ ಉದ್ದ ಡಿಕ್ಕಿ ಇರುವ ಸ್ಟೇಷನ್ ವ್ಯಾಗನ್ ಕೇಳಿ. ಯಾವ ಯಾವ ದೇಶಕ್ಕೆ ಹೋಗುತ್ತೀರಿ, ಹಡಗು ಹತ್ತಿಸುತ್ತೀರಿ ಅನ್ನುವುದನ್ನು ಮೊದಲೇ ಹೇಳಿ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಡೆಪಾಸಿಟ್‌ಗೆ ಡ್ರೈವರ್ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನಮ್ಮನೆಯಲ್ಲಿ ಕಾರ್ಡ್ ಯಜಮಾನರ ಹೆಸರಲ್ಲಿತ್ತು, ನಾನು ಮೂರು ತಿಂಗಳು ಮೊದಲೇ ನನ್ನ ಹೆಸರಿಗೆ ಒಂದು ಮಾಡಿಸಿದೆ. ಅಂತರರಾಷ್ಟ್ರೀಯ ವ್ಯವಹಾರ ಆನ್ ಮಾಡಿಸಿ, ಪಿನ್ ನೆನಪಿಟ್ಟುಕೊಳ್ಳಿ. ಬಹಳ ಬಂಕುಗಳಲ್ಲಿ ಜನರೇ ಇರುವುದಿಲ್ಲ, ಯಂತ್ರಕ್ಕೆ ಕಾರ್ಡ್ ಹಾಕಿ ಪಿನ್ ಒತ್ತಿ ನಾವೇ ಪೆಟ್ರೋಲ್ ತುಂಬಿಕೊಳ್ಳಬೇಕು. 135 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಬೂಸ್ಟರ್ ಸೀಟ್ ಕಡ್ಡಾಯ, ಕಾರಿನ ಜೊತೆಗೇ ಬುಕ್ ಮಾಡಿ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್, ಹಾಗಾಗಿ ಬಾಡಿಗೆಗೂ ಅದನ್ನೇ ತೋರಿಸಬಹುದು. ಮೊದಲ ಸಲ ಹೋಗುವವರಿಗೆ ನಾನು ಹೈಬ್ರಿಡ್ ಹೇಳುತ್ತೇನೆ. ಚಾರ್ಜಿಂಗ್ ಹುಡುಕುವ ಚಿಂತೆ ಒಂದು ಕಡಿಮೆ.

ಎಡ ಸೀಟಿನ ಅಭ್ಯಾಸ

ಇದು ನನ್ನ ಕಸುಬಿನ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಲಕ್ಕೆ ಓಡಿಸುವುದು ಕಷ್ಟ ಅಲ್ಲ, ಮುಂದಿನ ಗಾಡಿ ಹಿಂಬಾಲಿಸಿದರೆ ಅಭ್ಯಾಸ ಆಗಿಬಿಡುತ್ತದೆ. ಕಷ್ಟ ಇರುವುದು ಕಾರಿನ ಅಗಲ ಅಂದಾಜು ಮಾಡುವುದರಲ್ಲಿ. ನಾವು ಬಲ ಸೀಟಿನಲ್ಲಿ ಕೂತು, ದೇಹದ ಎಡಕ್ಕೆ ಒಂದು ಮೀಟರಿಗೂ ಹೆಚ್ಚು ಕಾರಿದೆ ಎಂದು ಕಣ್ಣಿಗೆ ಕಲಿಸಿಕೊಂಡಿರುತ್ತೇವೆ. ಅಲ್ಲಿ ಎಡ ಸೀಟಿನಲ್ಲಿ ಕೂತರೂ ಕಣ್ಣು ಹಳೇ ಲೆಕ್ಕವನ್ನೇ ಹಾಕುತ್ತದೆ. ಎಡಕ್ಕೆ ಇಲ್ಲದ ಕಾರಿಗೆ ಜಾಗ ಬಿಡುತ್ತೀರಿ, ಇಡೀ ಕಾರು ಬಲಕ್ಕೆ ಸರಿಯುತ್ತದೆ, ಬಲಗಡೆ ಚಕ್ರ ರಸ್ತೆ ಅಂಚಿಗೆ ಇಳಿಯುತ್ತದೆ.

ನನಗೆ ಆ ತೊಂದರೆ ಕಡಿಮೆ ಆಯಿತು. 18 ವರ್ಷದಿಂದ ನಾನು ಕೂತಿರುವುದೇ ಎಡ ಸೀಟಿನಲ್ಲಿ, ಕಲಿಯುವವರ ಪಕ್ಕ, ಕಾಲ ಕೆಳಗೆ ಎರಡನೇ ಬ್ರೇಕು. ಅಲ್ಲಿ ಕೂತು ಬಲಗಡೆಯ ಅಂಚನ್ನು ಅಳೆಯುವುದು ನನ್ನ ದಿನದ ಕೆಲಸ. ನೀವೂ ಇದನ್ನು ಮಾಡಬಹುದು. ಹೋಗುವ ಮೊದಲು ಹತ್ತು ದಿನ ಬೇರೆಯವರಿಗೆ ಕಾರು ಕೊಟ್ಟು ಎಡ ಸೀಟಿನಲ್ಲಿ ಕೂತ್ಕೊಳ್ಳಿ. ಬಲಗಡೆ ಹೆಡ್‌ಲೈಟಿನ ತುದಿ ರಸ್ತೆಯಲ್ಲಿ ಎಲ್ಲಿ ಬೀಳುತ್ತಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ನಿಂತ ಮೇಲೆ ಇಳಿದು ನೋಡಿ. ಮೊದಲ ದಿನ ಒಂದು ಅಡಿ ತಪ್ಪುತ್ತದೆ, ವಾರದಲ್ಲಿ ಸರಿ ಹೋಗುತ್ತದೆ. ತಿರುವಿನ ಅಭ್ಯಾಸಕ್ಕೆ ನಾನು ದೇವರಾಯನದುರ್ಗದ ಘಾಟಿಗೆ ಮೂರು ಸಲ ಹೋಗಿ ಬಂದೆ, ಎರಡು ಸಲ ಎಡ ಸೀಟಿನಲ್ಲಿ ಕೂತು.

ಇಳಿದ ದಿನವೇ ಕಾರು ಮುಟ್ಟಬೇಡಿ. ಬೆಂಗಳೂರಿನಿಂದ ಎರಡು ವಿಮಾನ ಬದಲಾಯಿಸಿ ಬಂದ ಕಣ್ಣಿಗೆ ನಿದ್ದೆ ಬೇಕು. ಕೋಪನ್‌ಹೇಗನ್ ವಿಮಾನ ನಿಲ್ದಾಣದಿಂದ ಮೆಟ್ರೋ ಹಿಡಿದರೆ ಕಾಲು ಗಂಟೆಯಲ್ಲಿ ಊರೊಳಗೆ. ಊರೊಳಗೆ ಪಾರ್ಕಿಂಗ್ ದುಬಾರಿ, ಸೈಕಲ್ಲುಗಳೂ ಜಾಸ್ತಿ. ನಾವು ಎರಡು ದಿನ ನಡೆದು, ಮೂರನೇ ದಿನ ಬೆಳಗ್ಗೆ ಕಾರು ತಗೊಂಡು ಊರಿನಿಂದ ಹೊರಗೆ ಹೋದೆವು. ಬಲಕ್ಕೆ ತಿರುಗುವ ಮುಂಚೆ ಬಲಗಡೆ ಕನ್ನಡಿ, ಆಮೇಲೆ ಭುಜದ ಮೇಲಿಂದ ಕಣ್ಣು. ಅಲ್ಲಿ ಸೈಕಲ್ ಲೇನ್ ನೇರ ಹೋಗುತ್ತಿರುತ್ತದೆ, ನಾವೇ ನಿಂತು ದಾರಿ ಬಿಡಬೇಕು.

ಸಣ್ಣ ಹಡಗಿನಲ್ಲಿ ರಿಹರ್ಸಲ್

ಸ್ವೀಡನ್‌ಗೆ ಹೋಗಲು ಓರೆಸುಂಡ್ ಸೇತುವೆ ಇದೆ, 2000ದಲ್ಲಿ ತೆರೆದದ್ದು, ಮೊದಲು 4 ಕಿಲೋಮೀಟರ್ ಸಮುದ್ರದ ಕೆಳಗಿನ ಸುರಂಗ, ಆಮೇಲೆ ಸುಮಾರು 8 ಕಿಲೋಮೀಟರ್ ಸೇತುವೆ. ನಾನು ಬೇಕೆಂದೇ ಅದನ್ನು ಬಿಟ್ಟೆ. 45 ಕಿಲೋಮೀಟರ್ ಉತ್ತರಕ್ಕೆ ಹೆಲ್ಸಿಂಗೋರ್ ಎಂಬ ಊರಿದೆ. ಅಲ್ಲಿಂದ ಸ್ವೀಡನ್ನಿನ ಹೆಲ್ಸಿಂಗ್‌ಬೋರಿಗೆ ಸಮುದ್ರ ಬರೀ 4 ಕಿಲೋಮೀಟರು, ಹಡಗಿನಲ್ಲಿ 20 ನಿಮಿಷ. ದೊಡ್ಡ ಹಡಗಿಗೆ ಮೊದಲು ಸಣ್ಣದರಲ್ಲಿ ಕೈ ಪಳಗಿಸಿಕೊಳ್ಳೋಣ ಅಂತ. ಮೊದಲೇ ಬುಕ್ ಮಾಡದಿದ್ದರೂ ಟೋಲ್ ಗೇಟಿನ ಹಾಗಿರುವ ಗೂಡಿನಲ್ಲೇ ಟಿಕೆಟ್ ಸಿಗುತ್ತದೆ.

ಗೂಡು ದಾಟಿದ ಮೇಲೆ ಲೇನ್ ನಂಬರ್ ಹೇಳುತ್ತಾರೆ, ಆ ಸಾಲಿನಲ್ಲಿ ನಿಲ್ಲಬೇಕು. ಹಡಗು ಬಂದು ಬಾಯಿ ತೆರೆಯುತ್ತದೆ. ಕಬ್ಬಿಣದ ಇಳಿಜಾರಿನ ಮೇಲೆ ಚಕ್ರ ಹತ್ತಿದಾಗ ಧಡಧಡ ಸದ್ದು. ಹೆದರಬೇಡಿ. ಒಳಗೆ ಹಳದಿ ಜಾಕೆಟ್ ಹಾಕಿದವರು ಕೈ ಸನ್ನೆ ಮಾಡುತ್ತಾರೆ. ಅವರ ಕೈಯನ್ನೇ ನೋಡಿ, ನಿಮ್ಮ ಅಂದಾಜನ್ನು ಬದಿಗಿಡಿ. ನನ್ನ ಮುಂದಿನ ಕಾರಿಗೂ ನನಗೂ ಮೊಳದಷ್ಟು ಜಾಗ ಉಳಿದಿತ್ತು, ಆದರೂ ಆಯಮ್ಮ ಇನ್ನೂ ಬಾ ಬಾ ಎಂದು ಕೈ ಆಡಿಸುತ್ತಲೇ ಇದ್ದಳು. ಮುಷ್ಟಿ ಹಿಡಿದರೆ ನಿಲ್ಲಿಸು ಎಂದರ್ಥ. ಗೇರು ಪಿ, ಹ್ಯಾಂಡ್‌ಬ್ರೇಕ್, ಇಂಜಿನ್ ಬಂದ್. ಬಾಗಿಲು ಪೂರ್ತಿ ತೆಗೆಯಲು ಜಾಗ ಇರುವುದಿಲ್ಲ, ಪಕ್ಕದ ಕಾರಿಗೆ ತಾಗದ ಹಾಗೆ ಕೈ ಅಡ್ಡ ಹಿಡಿದು ಇಳಿಯಿರಿ.

ಆ ದಾರಿಯ ಎರಡು ಹಡಗುಗಳು, ಟೈಕೊ ಬ್ರಾಹೆ ಮತ್ತು ಅರೋರಾ, ಬ್ಯಾಟರಿಯಲ್ಲಿ ಓಡುತ್ತವೆ. ದಡಕ್ಕೆ ಬಂದಾಗ ರೋಬೋ ತೋಳು ತಾನೇ ಬಂದು ಚಾರ್ಜಿಂಗ್ ಕೇಬಲ್ ಸಿಕ್ಕಿಸುತ್ತದೆ. ನನ್ನ ಮಗ ಅದನ್ನು ನೋಡುತ್ತಾ ಹಿಂದೆ ದೂರವಾಗುತ್ತಿದ್ದ ಕ್ರೋನ್‌ಬೋರ್ಗ್ ಕೋಟೆಯ ಕಡೆ ತಿರುಗಲೇ ಇಲ್ಲ.

ನಾರ್ವೆಯೊಳಗೆ ಇನ್ನೊಂದು ಬಗೆಯ ಹಡಗು ಸಿಗುತ್ತದೆ. ರಸ್ತೆ ನೀರಿನ ಅಂಚಿಗೆ ಬಂದು ನಿಂತುಬಿಡುತ್ತದೆ, ಮುಂದಿನ ರಸ್ತೆ ಆಚೆ ದಡದಲ್ಲಿ. ಔರ್‌ಲಾಂಡ್‌ನಲ್ಲಿದ್ದಾಗ ನಾವು ಲಾರ್ಡಾಲ್ ಸುರಂಗ ದಾಟಿ ಫೋಡ್ನೆಸ್‌ನಿಂದ ಮಾನ್‌ಹೆಲ್ಲರ್‌ಗೆ ಹೀಗೆ ಹೋದೆವು, ಕಾಲು ಗಂಟೆಯ ದಾರಿ. ಬುಕಿಂಗ್ ಇಲ್ಲ, ಸಾಲಿನಲ್ಲಿ ನಿಂತು ಹತ್ತುವುದು ಅಷ್ಟೇ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಬಿಲ್ಲು ಬಾಡಿಗೆ ಕಂಪನಿಗೆ ಹೋಗಿ ಆಮೇಲೆ ನಿಮ್ಮ ಕಾರ್ಡಿಗೆ ಬರುತ್ತದೆ. ರಸ್ತೆ ಟೋಲ್ ಕೂಡ ಹಾಗೇ, ಎಲ್ಲೂ ನಿಲ್ಲುವ ಹಾಗಿಲ್ಲ. ಊರಿಗೆ ಬಂದ ಮೇಲೂ ಒಂದೆರಡು ತಿಂಗಳು ಕಾರ್ಡಿನಲ್ಲಿ ಮಿತಿ ಉಳಿಸಿಕೊಂಡಿರಿ. ಪ್ರಪಂಚದ ಮೊದಲ ಪೂರ್ತಿ ಎಲೆಕ್ಟ್ರಿಕ್ ಕಾರು ಹಡಗು, ಆಂಪೇರ್, 2015ರಲ್ಲಿ ಓಡಲು ಶುರು ಮಾಡಿದ್ದು ಇದೇ ಸೋಗ್ನೆ ಫ್ಯೋರ್ಡಿನಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಈ ಸಮುದ್ರದ ಕವಲಿನಲ್ಲಿ. ಪಶ್ಚಿಮ ನಾರ್ವೆಯ ಕೆಲವು ಹಡಗುಗಳಲ್ಲಿ ಸ್ವೆಲೆ ಎಂಬ ದಪ್ಪ ಸಿಹಿ ದೋಸೆ ಮಾರುತ್ತಾರೆ. ಸಿಕ್ಕರೆ ಬಿಸಿಬಿಸಿ ತಿನ್ನಿ. ಮೊಟ್ಟೆ ಹಾಕಿರುತ್ತಾರೆ, ತಿನ್ನದವರಿಗೆ ಮೊದಲೇ ಹೇಳಿಬಿಡಿ.

ಆ ಲಾರ್ಡಾಲ್ ಸುರಂಗ 24.5 ಕಿಲೋಮೀಟರು. ರಸ್ತೆ ಸುರಂಗಗಳಲ್ಲಿ ಪ್ರಪಂಚದಲ್ಲೇ ಉದ್ದದ್ದು. ಡ್ರೈವರಿಗೆ ಮಂಪರು ಬರದಿರಲಿ ಎಂದು ಮಧ್ಯೆ ಮೂರು ಕಡೆ ದೊಡ್ಡ ಗುಹೆ ಕೊರೆದು ನೀಲಿ ದೀಪ ಹಾಕಿದ್ದಾರೆ. ರಸ್ತೆ ಮಾಡಿದವರು ಡ್ರೈವರ್ ಬಗ್ಗೆ ಇಷ್ಟು ಯೋಚಿಸಿದ್ದು ನೋಡಿ ನನಗೆ ಮನಸ್ಸು ತುಂಬಿ ಬಂತು.

ರಸ್ತೆ ನಿಯಮಗಳಲ್ಲಿ ಇಷ್ಟು ನೆನಪಿಡಿ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಗಲ್ಲಿಯೇ ಆಗಿರಲಿ. ಹಳದಿ ವಜ್ರದ ಆಕಾರದ ಬೋರ್ಡು ಇದ್ದರೆ ನಿಮ್ಮದು ಮುಖ್ಯ ರಸ್ತೆ. ಸರ್ಕಲ್‌ನಲ್ಲಿ ಗಡಿಯಾರದ ವಿರುದ್ಧ ಸುತ್ತು, ಎಡದಿಂದ ಬರುವವರು ಮೊದಲು. ಕಿರಿದಾದ ರಸ್ತೆಯಲ್ಲಿ ನೀಲಿ ಬೋರ್ಡಿನ ಮೇಲೆ ಇಂಗ್ಲಿಷ್ ಎಂ ಅಕ್ಷರ ಇದ್ದರೆ ಅದು ಎದುರಿನ ಗಾಡಿಗೆ ಜಾಗ ಬಿಡುವ ತಾಣ, ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವ ಹಾಗಿಲ್ಲ. ನಾರ್ವೆ, ಸ್ವೀಡನ್‌ನಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.02 ಪರ್ಸೆಂಟ್, ಅಂದರೆ ಒಂದು ಗ್ಲಾಸೂ ಬೇಡ. ರಾತ್ರಿ ಹಡಗಿನಲ್ಲಿ ಬಾರ್ ಇರುತ್ತದೆ, ಬೆಳಗ್ಗೆ ಇಳಿದ ಕೂಡಲೇ ನೀವು ಓಡಿಸಬೇಕು ಅನ್ನುವುದು ನೆನಪಿರಲಿ. ತುರ್ತಿಗೆ ಎಲ್ಲ ಕಡೆ 112. ನಾರ್ವೆಯಲ್ಲಿ ಆಂಬ್ಯುಲೆನ್ಸ್‌ಗೆ ನೇರ 113.

ದೊಡ್ಡ ಹಡಗು, ಮಾತ್ರೆ ಡಬ್ಬಿ

ಬರ್ಗನ್‌ನಲ್ಲಿ ಮಧ್ಯಾಹ್ನ ಹಡಗು ಹತ್ತಿದೆವು. ಒಳಗೆ ಕಾರುಗಳ ಅಂತಸ್ತುಗಳೇ ಹಲವು. ಕಾರು ನಿಲ್ಲಿಸಿ, ಖುಷಿಯಲ್ಲಿ ಮೇಲೆ ಹೋಗಿ ಕ್ಯಾಬಿನ್ ಸೇರಿದೆವು. ಗೋಡೆಗೆ ಮಡಚುವ ನಾಲ್ಕು ಮಂಚ, ಒಂದು ಸಣ್ಣ ಬಚ್ಚಲು. ಹಡಗು ಹೊರಟು ಅರ್ಧ ಗಂಟೆಯಾದ ಮೇಲೆ ನಮ್ಮತ್ತೆ ಕೇಳಿದರು. 'ನನ್ ಬಿಪಿ ಮಾತ್ರೆ ಎಲ್ಲಿ?'

ಮಾತ್ರೆ ಡಬ್ಬಿ ಕಾರಿನ ಡಿಕ್ಕಿಯಲ್ಲಿ, ದೊಡ್ಡ ಸೂಟ್‌ಕೇಸಿನೊಳಗೆ ಇತ್ತು. ಹಡಗು ಹೊರಟ ಮೇಲೆ ಕಾರಿನ ಅಂತಸ್ತಿಗೆ ಬೀಗ ಹಾಕುತ್ತಾರೆ, ಸುರಕ್ಷತೆಯ ನಿಯಮ ಅದು. ನಾನು ಕೌಂಟರಿಗೆ ಓಡಿದೆ. ರಾತ್ರಿ ಊಟದ ನಂತರ ತಗೊಳ್ಳುವ ಮಾತ್ರೆ ಎಂದು ಹೇಳಿದೆ. ಅಲ್ಲಿದ್ದ ಹುಡುಗಿ ಸಮಾಧಾನವಾಗಿ ಕೇಳಿಸಿಕೊಂಡು, ಸಂಜೆ ಸ್ಟವಾಂಗರ್‌ನಲ್ಲಿ ಹಡಗು ನಿಂತಾಗ ಬಾಗಿಲು ತೆಗೆಯುತ್ತೇವೆ, ಆಗ ಒಬ್ಬರು ನಿಮ್ಮ ಜೊತೆ ಬರುತ್ತಾರೆ ಎಂದಳು. ನಿಮ್ಮ ಕಾರು ಎಷ್ಟನೇ ಅಂತಸ್ತಿನಲ್ಲಿದೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಮಗ ಮೆಟ್ಟಿಲ ಬಾಗಿಲ ಮೇಲಿನ ಚಿತ್ರ, ನಂಬರ್ ಎರಡನ್ನೂ ನೆನಪಿಟ್ಟುಕೊಂಡಿದ್ದ. ಸ್ಟವಾಂಗರ್ ಬರುವವರೆಗೆ ಕಳೆದ ಆ ಗಂಟೆಗಳು ಬಹಳ ಉದ್ದವಾಗಿದ್ದವು. ಅತ್ತೆ ಏನೂ ಅನ್ನಲಿಲ್ಲ, ಕಿಟಕಿ ಪಕ್ಕ ಕೂತು ದ್ವೀಪಗಳನ್ನು ಎಣಿಸುತ್ತಿದ್ದರು. ಮಾತ್ರೆ ಕೈಗೆ ಬಂದಾಗ ನನ್ನ ಕಣ್ಣಲ್ಲಿ ನೀರಿತ್ತು.

ಅದಕ್ಕೇ ಹಡಗಿಗೆ ಅಂತಲೇ ಒಂದು ಬೇರೆ ಬ್ಯಾಗು ಹಿಂದಿನ ರಾತ್ರಿಯೇ ಕಟ್ಟಿಡಿ. ಎಲ್ಲರ ಮಾತ್ರೆ ಮೊದಲು. ಆಮೇಲೆ ಪಾಸ್‌ಪೋರ್ಟು, ಚಾರ್ಜರು, ಬ್ರಷ್ಷು, ಒಂದು ಜೊತೆ ಬಟ್ಟೆ, ಸ್ವೆಟರ್. ಅದು ಸೀಟಿನ ಮೇಲೆ, ಯಾರದ್ದಾದರೂ ತೊಡೆಯ ಮೇಲೆ ಇರಲಿ, ಡಿಕ್ಕಿಯಲ್ಲಿ ಬೇಡ. ಕಾರಿನಿಂದ ಇಳಿದ ಕೂಡಲೇ ಅಂತಸ್ತಿನ ನಂಬರ್, ಮೆಟ್ಟಿಲ ಗುರುತು ಎರಡರ ಫೋಟೋ ತೆಗೆಯಿರಿ. ಕಾರಿನ ಅಲಾರಂ ಆಫ್ ಮಾಡುವುದು ಹೇಗೆ ಎಂದು ಬಾಡಿಗೆ ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಿ. ಹಡಗು ಓಲಾಡಿದರೆ ಅಲಾರಂ ತಾನೇ ಕೂಗುತ್ತದೆ.

ಓಲಾಟ ನಿಜಕ್ಕೂ ಇರುತ್ತದೆ. ಸ್ಟವಾಂಗರ್ ದಾಟಿ ತೆರೆದ ಸಮುದ್ರಕ್ಕೆ ಬಂದ ಮೇಲೆ ಲೋಟದ ನೀರು ಆಡತೊಡಗಿತು. ಕ್ಯಾಬಿನ್ ಆರಿಸುವಾಗ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನದು ಸಿಕ್ಕರೆ ಓಲಾಟ ಕಡಿಮೆ. ವಾಂತಿ ಮಾತ್ರೆಯನ್ನು ಇಲ್ಲೇ ಡಾಕ್ಟರನ್ನು ಕೇಳಿ ತಗೊಂಡು ಹೋಗಿ, ಓಲಾಟ ಶುರುವಾಗುವ ಮುಂಚೆಯೇ ನುಂಗಬೇಕು. ಆದರೆ ಕೆಲವು ಮಾತ್ರೆ ಬೆಳಗಿನವರೆಗೂ ಮಂಪರು ತರುತ್ತವೆ. ಓಡಿಸುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ನಾನು ಒಣ ಶುಂಠಿ, ಬೆಲ್ಲ ಬಾಯಿಗೆ ಹಾಕಿಕೊಂಡು ಮಲಗಿದೆ.

ಊಟ

ಹಿಟ್ಟು, ಬೇಳೆ, ಪುಡಿಗಳನ್ನು ತಗೊಂಡು ಹೋಗಬಹುದು. ತುಪ್ಪ, ಹಾಲಿನ ಪುಡಿ, ಪೇಡ, ಮಾಂಸ ಯುರೋಪಿನ ಹೊರಗಿನಿಂದ ತರುವ ಹಾಗಿಲ್ಲ. ಹಸಿ ಕರಿಬೇವೂ ಬೇಡ. ನಾನು 3 ಕೆಜಿ ರಾಗಿಹಿಟ್ಟು, ತಿಪಟೂರು ಕೊಬ್ಬರಿಯ ಚಟ್ನಿಪುಡಿ, ಹುರಿದ ಸಾರಿನ ಪುಡಿ ಕಟ್ಟಿದ್ದೆ. ನಾರ್ವೆಯಲ್ಲಿ ಹ್ಯುಟ್ಟೆ ಎಂಬ ಮರದ ಸಣ್ಣ ಮನೆಗಳು ಬಾಡಿಗೆಗೆ ಸಿಗುತ್ತವೆ. ಒಲೆ, ಪಾತ್ರೆ ಇರುತ್ತವೆ, ಹೊದಿಕೆ ಬಟ್ಟೆಗೆ ಬಹಳ ಕಡೆ ಬೇರೆ ದುಡ್ಡು. ನಮ್ಮದನ್ನೇ ಒಯ್ದಿದ್ದೆವು. ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ, ಆಯಸ್ಕಾಂತ ಅಂಟುವ ಸ್ಟೀಲ್ ಪಾತ್ರೆ ಒಂದು ಇರಲಿ. ಔರ್‌ಲಾಂಡ್‌ನಲ್ಲಿ ಅತ್ತೆ ಅಂಗಡಿಯ ಬೆಣ್ಣೆ ಕಾಸಿ ತುಪ್ಪ ಮಾಡಿದರು. ರಾತ್ರಿ ಹತ್ತು ಗಂಟೆಯ ಬೆಳಕಿನಲ್ಲಿ, ಫ್ಯೋರ್ಡಿನ ಎದುರು ಕೂತು ಬಿಸಿ ಮುದ್ದೆ ತಿಂದೆವು. ನಾರ್ವೆಯಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತಂದಿಡಿ. ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು.

ಇಳಿಯುವುದು, ವಾಪಸ್ ಬರುವುದು

ಬೆಳಗ್ಗೆ ಹಿರ್ಟ್‌ಸಾಲ್ಸ್ ಹತ್ತಿರ ಬಂದಾಗ ಮೈಕಿನಲ್ಲಿ ಹೇಳುತ್ತಾರೆ. ಅದಕ್ಕೆ ಮೊದಲು ಮೆಟ್ಟಿಲ ಬಳಿ ನೂಕಾಡಬೇಡಿ. ಕಾರಿನಲ್ಲಿ ಕೂತ ಮೇಲೂ ಮುಂದಿನ ಸಾಲು ಚಲಿಸುವವರೆಗೆ ಇಂಜಿನ್ ಹಾಕಬೇಡಿ, ಮುಚ್ಚಿದ ಜಾಗದಲ್ಲಿ ಹೊಗೆ ತುಂಬುತ್ತದೆ. ಇಳಿಜಾರು ಇಳಿದ ಮೊದಲ ತಿರುವಿನಲ್ಲೇ ಎಡ-ಬಲ ಮರೆಯುವ ಸಂಭವ ಜಾಸ್ತಿ. ಒಂದು ರಾತ್ರಿ ನಿದ್ದೆ ಮಾಡಿದರೆ ಕೈ ಹಳೇ ಅಭ್ಯಾಸಕ್ಕೆ ಹೋಗುತ್ತದೆ. ಅತ್ತೆಗೆ ಆ ಕೆಲಸ ಕೊಟ್ಟಿದ್ದೆ. ಕಾರು ಹೊರಟ ಕೂಡಲೇ ಹಿಂದಿನಿಂದ 'ಬಲಕ್ಕೆ, ಬಲಕ್ಕೆ' ಎನ್ನುತ್ತಿದ್ದರು.

ಅಲ್ಲಿಂದ ಆರ್ಹುಸ್ 170 ಕಿಲೋಮೀಟರು. ಮಾರನೇ ದಿನ 18 ಕಿಲೋಮೀಟರಿನ ಸ್ಟೋರೆಬೆಲ್ಟ್ ಸೇತುವೆ ದಾಟಿ ಕೋಪನ್‌ಹೇಗನ್. ಅಲ್ಲಿ ಟೋಲ್ ಗೇಟಿದೆ, ಕಾರ್ಡ್ ನಡೆಯುತ್ತದೆ. ಕಾರು ವಾಪಸ್ ಕೊಡುವ ಮುಂಚೆ ಟ್ಯಾಂಕ್ ತುಂಬಿಸಿ, ನಾಲ್ಕೂ ಕಡೆ, ಚಕ್ರದ ರಿಮ್, ಕಿಲೋಮೀಟರ್ ಅಂಕಿ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ತಗೊಂಡ ದಿನವೂ ಇದನ್ನೇ ಮಾಡಿರಬೇಕು.

ಬೆಂಗಳೂರಿಗೆ ಇಳಿದ ಮೇಲೆ ನೀವೇ ಓಡಿಸಿಕೊಂಡು ಊರಿಗೆ ಬರಬೇಡಿ. ನಮ್ಮ ಮೈದುನ ಬಂದು ಕರೆದುಕೊಂಡು ಹೋದರು. ನಾನು ಮೂರು ದಿನ ಕ್ಲಾಸು ತಗೊಳ್ಳಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಒಬ್ಬಳೇ ಓಡಿಸಿ, ಕೈ ಎಡಕ್ಕೇ ಹೋಗುತ್ತಿದೆ ಎಂದು ಖಚಿತವಾದ ಮೇಲೆ ಏಳು ಗಂಟೆಯ ಹುಡುಗಿಯನ್ನು ಸೀಟಿಗೆ ಕೂರಿಸಿದೆ.